ಅರ್ಧ ನದಿಯ ಪಾಠ

ಹೋದ ವರ್ಷ ಮಾರ್ಚ್‌ನಲ್ಲಿ ಊರಿನಿಂದ ಅಪ್ಪ ಬಂದಿದ್ದರು. ಸೊಲ್ಲಾಪುರದಲ್ಲಿ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ದಾದರ್. ಜೋಳದ ಹಿಟ್ಟು, ಶೇಂಗಾ ಹಿಂಡಿ, ಒಂದು ಚೀಲ ಇಂಡಿ ಲಿಂಬೆಹಣ್ಣು ತಂದಿದ್ದರು. ಅಂದು ಸಂಜೆ ನಾಲ್ಕನೆಯ ತರಗತಿಯ ಮಗಳು ನೆಲದ ಮೇಲೆ ಪುಸ್ತಕ ಹರಡಿಕೊಂಡು ಮಹಾರಾಷ್ಟ್ರದ ನಕಾಶೆ ಬಿಡಿಸುತ್ತಿದ್ದಳು. 'ನಮ್ಮ ರಾಜ್ಯದ ನದಿಗಳು' ಎಂಬುದು ಶಾಲೆಯಲ್ಲಿ ಕೊಟ್ಟ ಕೆಲಸ. ಗೋದಾವರಿ ಆಯಿತು, ಕೃಷ್ಣೆ ಆಯಿತು. ಭೀಮೆಯನ್ನು ಭೀಮಾಶಂಕರದಿಂದ ಎಳೆಯುತ್ತ ಬಂದು ಸೊಲ್ಲಾಪುರದ ಕೆಳಗೆ ಗಡಿರೇಖೆ ಸಿಕ್ಕ ಜಾಗದಲ್ಲಿ ನೀಲಿ ಪೆನ್ಸಿಲನ್ನು ಎತ್ತಿಬಿಟ್ಟಳು.

"ಅಲ್ಲೇ ಯಾಕ ನಿಂದ್ರಿಸಿದಿ?" ಅಪ್ಪ ಕೇಳಿದರು.

"ಅಲ್ಲಿಗೆ ನಮ್ಮ ರಾಜ್ಯ ಮುಗೀತಲ್ಲ ಅಜ್ಜಾ."

ಅಪ್ಪ ನಕ್ಕರು. "ಅಲ್ಲಿಂದನ ನಮ್ಮ ರಾಜ್ಯ ಚಾಲೂ ಆಗೂದವ್ವಾ."

ಇಬ್ಬರ ಮಾತೂ ಸರಿ. ಅಪ್ಪ 34 ವರ್ಷ ಇಂಡಿ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದವರು. ಅವರ ಗೋಡೆಯ ನಕಾಶೆಯಲ್ಲಿ ಭೀಮೆ ಮೇಲಿನ ಗಡಿಯಿಂದ, ಎಲ್ಲಿಂದ ಬಂದಳೆಂದು ತೋರಿಸದೆ, ಒಮ್ಮೆಲೇ ಇಳಿದು ಬರುತ್ತಿದ್ದಳು. ಮಗಳ ನಕಾಶೆಯಲ್ಲಿ ಅವಳು ಎಲ್ಲಿಗೆ ಹೋದಳೆಂದು ತಿಳಿಯದೆ ಮಾಯವಾಗುತ್ತಾಳೆ. ಒಂದೇ ನದಿ, ಎರಡು ರಾಜ್ಯದ ಮಕ್ಕಳಿಗೆ ಅರ್ಧರ್ಧ ಹಂಚಿದ್ದಾರೆ. ನಮ್ಮ ಊರಂತೂ ನದಿಯ ದಂಡೆಯ ಮೇಲೆಯೇ ಇದೆ. ಭೂಗೋಲದ ಪಾಠ ಬಂತೆಂದರೆ ಅಪ್ಪ ಮಕ್ಕಳನ್ನು ಸಾಲಾಗಿ ದಂಡೆಗೆ ಕರೆದುಕೊಂಡು ಹೋಗಿ ಆಚೆಗೆ ಕೈಮಾಡಿ "ಅದು ಮಹಾರಾಷ್ಟ್ರ" ಎನ್ನುತ್ತಿದ್ದರು. ನಾನೂ ಆ ಸಾಲಿನಲ್ಲಿ ನಿಂತವನೇ. ಹಿಂದಿನಿಂದ ಯಾರಾದರೂ ಒಬ್ಬ, "ಅದು ನಮ್ಮ ಅತ್ತಿ ಊರ್ರೀ ಸರ್" ಎಂದು ಕೂಗುವುದು ಪ್ರತಿ ವರ್ಷ ತಪ್ಪದ ಸಂಗತಿಯಾಗಿತ್ತು. ಆಚೆ ದಂಡೆಯಲ್ಲೂ ಕನ್ನಡವೇ, ಅದೇ ಜೋಳ, ಅದೇ ಕರಿ ಮಣ್ಣು.

ನಮ್ಮ ಮನೆಯ ಲೆಕ್ಕ ಇನ್ನೂ ಮಜವಾಗಿದೆ. ಅಪ್ಪನ ಅಪ್ಪ, ನಮ್ಮ ಮುತ್ಯಾ, ಓದಿದ್ದು ನಾಲ್ಕು ಇಯತ್ತೆ. ಆಗ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. 'ನಮ್ಮ ಪ್ರಾಂತ್ಯದ ರಾಜಧಾನಿ ಯಾವುದು' ಎಂದರೆ ಮುತ್ಯಾನ ಉತ್ತರ ಮುಂಬಯಿ. 1956ರ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಪ್ಪ ಶಾಲೆಗೆ ಹೋಗುವ ಹೊತ್ತಿಗೆ ರಾಜಧಾನಿ ಬೆಂಗಳೂರಾಗಿತ್ತು, ರಾಜ್ಯ ಮೈಸೂರಾಗಿತ್ತು. 1973ರಲ್ಲಿ ಹೆಸರು ಬದಲಾಗಿದ್ದರಿಂದ ನಾನು ಕಲಿತದ್ದು ಕರ್ನಾಟಕ. ಮೂರು ತಲೆಮಾರು ಒಂದೇ ಮನೆಯ ಒಂದೇ ಕಟ್ಟೆಯ ಮೇಲೆ ಕೂತು ಮೂರು ಬೇರೆ ಬೇರೆ 'ನಮ್ಮ ರಾಜ್ಯ'ಗಳನ್ನು ಬಾಯಿಪಾಠ ಮಾಡಿತು. ಕಟ್ಟೆ ಬಿಟ್ಟು ಎದ್ದವನು ನಾನೊಬ್ಬನೇ. ನನ್ನ ಮಗಳು ಮುತ್ಯಾನ ರಾಜಧಾನಿಗೇ ವಾಪಸ್ಸು ಬಂದಿದ್ದಾಳೆ.

ಶಾಲೆಯ ಭೂಗೋಲಕ್ಕೆ ಒಂದು ಕ್ರಮವಿದೆ: ಮೊದಲು ಮನೆ, ಆಮೇಲೆ ಊರು, ಜಿಲ್ಲೆ, ರಾಜ್ಯ, ದೇಶ, ಜಗತ್ತು. ಮಹಾರಾಷ್ಟ್ರದಲ್ಲಿ ಮೂರನೆಯ ತರಗತಿಯ ಪರಿಸರ ಪುಸ್ತಕವನ್ನು ಜಿಲ್ಲೆಗೊಂದರಂತೆ ಮಾಡಿದ್ದಾರೆ, ಒಳ್ಳೆಯ ಕೆಲಸ. ಕಲ್ಲು ಬಿದ್ದ ಕೆರೆಯ ಅಲೆಗಳ ಹಾಗೆ ಹತ್ತಿರದ್ದರಿಂದ ದೂರಕ್ಕೆ, 'ನಮ್ಮದ'ರಿಂದ 'ಅವರದ'ಕ್ಕೆ. ಈ ಕ್ರಮ ಒಂದನ್ನು ಸುಮ್ಮನೆ ನಂಬಿಕೊಂಡಿದೆ, ಹತ್ತಿರದ್ದು ನಮ್ಮದು, ದೂರದ್ದು ಪರರದು ಎಂದು. ವಲಸೆ ಬಂದವರ ಮನೆಯಲ್ಲಿ ಅದು ಸರಿಹೊಂದುವುದಿಲ್ಲ. ನನಗೆ ಹತ್ತಿರ ಇರುವುದು ದಾದರ್ ಹೂವಿನ ಮಾರ್ಕೆಟ್; ಕಣ್ಣು ಮುಚ್ಚಿದರೆ ಕಾಣುವುದು ಭೀಮೆಯ ಮರಳು. ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಮುಂಬಯಿ ಮಹಾಪಾಲಿಕೆಯ ಕನ್ನಡ ಶಾಲೆಯ ಮಗು, ಜತ್ತ-ಅಕ್ಕಲಕೋಟೆಯ ಕನ್ನಡ ಶಾಲೆಯ ಮಗು, ನಮ್ಮ ರಾಜ್ಯ ಮಹಾರಾಷ್ಟ್ರ ಎಂದು ಅಚ್ಚ ಕನ್ನಡದಲ್ಲೇ ಓದುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ನನ್ನನ್ನು ಕಾಡುವುದು ರಾಜ್ಯದ ಹೆಸರಲ್ಲ, ಆ 'ನಮ್ಮ' ಎಂಬ ಎರಡಕ್ಷರ. ಅದನ್ನು ಕಲಿಸುವಾಗ ಮಗುವಿಗೆ ನಾವು ನಿಜವಾಗಿ ಏನನ್ನು ಕೊಡುತ್ತೇವೆ? ಆಸ್ತಿಪತ್ರವನ್ನೋ, ಸಾಲದ ಪತ್ರವನ್ನೋ?

ದಾದರಿನಲ್ಲೇ ಇದ್ದು ಭೂಗೋಲ ಕಲಿಯಲು ಹೊರಟರೆ ಮೊದಲು ಗೊಂದಲವೇ ಸಿಗುತ್ತದೆ. ಸ್ಟೇಷನ್ನಿನಲ್ಲಿ ಬಹಳ ಕಾಲ ಎರಡು ಒಂದನೇ ನಂಬರಿನ ಪ್ಲಾಟ್‌ಫಾರ್ಮುಗಳಿದ್ದವು, ವೆಸ್ಟರ್ನಿನದೊಂದು, ಸೆಂಟ್ರಲ್ಲಿನದೊಂದು. ಹೊಸಬರು ತಪ್ಪು ಒಂದನೇ ನಂಬರಿನಲ್ಲಿ ನಿಂತು ಗಾಡಿ ತಪ್ಪಿಸಿಕೊಳ್ಳುತ್ತಿದ್ದರು. 2023ರ ಡಿಸೆಂಬರಿನಲ್ಲಿ 1ರಿಂದ 14ರವರೆಗೆ ಒಂದೇ ಸಾಲಿನ ನಂಬರು ಕೊಟ್ಟರು. ಇಲ್ಲಿಂದ ಮೈಸೂರಿಗೆ ಹೊರಡುವ ಗಾಡಿಯ ಹೆಸರು ಶರಾವತಿ ಎಕ್ಸ್‌ಪ್ರೆಸ್. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ ಎಲ್ಲ ದಾಟುತ್ತದೆ, ಶರಾವತಿ ನದಿಯನ್ನು ಮಾತ್ರ ಎಲ್ಲಿಯೂ ದಾಟುವುದಿಲ್ಲ. ಹೆಸರು ಕಲಿಯುವುದೇ ಭೂಗೋಲ ಎಂದುಕೊಂಡವರಿಗೆ ಈ ಗಾಡಿಯಲ್ಲಿ ಒಮ್ಮೆ ಕೂಡಿಸಿ ಕಳಿಸಬೇಕು.

ಆದರೆ ಒಂದು ಹೆಸರು ಹಾಗಲ್ಲ. ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಹಳಿಗುಂಟ ಹೋಗುವ ರಸ್ತೆ ಸೇನಾಪತಿ ಬಾಪಟ್ ಮಾರ್ಗ. ಹಳಬರು ಈಗಲೂ ತುಳಸಿ ಪೈಪ್ ರೋಡ್ ಎನ್ನುತ್ತಾರೆ. ತುಳಸಿ ಕೆರೆಯ ನೀರು ಊರೊಳಗೆ ತಂದ ಕೊಳವೆಯ ಹೆಸರು ಅದು. ಕೊಳವೆಯ ಹೆಸರು ಅಳಿಸಿ ಬಂದ ಬಾಪಟರು ಯಾರು? ಪಾಂಡುರಂಗ ಮಹಾದೇವ ಬಾಪಟ್, 1921ರಲ್ಲಿ ಶುರುವಾದ ಮುಳಶಿ ಸತ್ಯಾಗ್ರಹದ ಮುಂದಾಳು. ಪುಣೆಯ ಪಶ್ಚಿಮಕ್ಕೆ ಮುಳಾ ನದಿಗೆ ಟಾಟಾ ಕಂಪನಿ ಅಣೆಕಟ್ಟು ಕಟ್ಟಲು ಹೊರಟಾಗ ಹೊಲ-ಮನೆ ಮುಳುಗಲಿದ್ದ ಮಾವಳ ರೈತರ ಜೊತೆ ನಿಂತು ಜೈಲಿಗೆ ಹೋದವರು. 'ಸೇನಾಪತಿ' ಎಂಬುದು ಆ ಹೋರಾಟ ಕೊಟ್ಟ ಬಿರುದು. ಹೋರಾಟ ಸೋತಿತು, ಅಣೆಕಟ್ಟು ಎದ್ದಿತು. ಯಾವ ಊರಿನ ಬೆಳಕಿಗಾಗಿ ಆ ಹಳ್ಳಿಗಳು ಮುಳುಗಿದವೋ ಅದೇ ಊರಿನ ನಟ್ಟನಡುವಿನ ರಸ್ತೆಗೆ ಅವರ ಹೆಸರು. ದಿನಾ ಅದರ ಮೇಲೆ ಸಾವಿರಾರು ಜನ ಕೊತ್ತಂಬರಿ ಕೊಳ್ಳುತ್ತ ನಡೆಯುತ್ತಾರೆ. ನಾನೂ.

ಆ ಬೆಳಕಿನ ಕೆಲಸ ನಡೆಯುವುದು ಹೀಗೆ. ಸಹ್ಯಾದ್ರಿಯ ನೆತ್ತಿಯ ಮೇಲೆ ಬಿದ್ದ ಮಳೆ ಸಹಜವಾಗಿ ಪೂರ್ವಕ್ಕೆ ಹರಿಯುತ್ತದೆ: ಲೋಣಾವಳದ ಕಡೆ ಇಂದ್ರಾಯಣಿಯಾಗಿ, ಮುಳಶಿಯ ಕಡೆ ಮುಳೆಯಾಗಿ. ಎರಡೂ ಭೀಮೆಗೆ ಸೇರುವ ನೀರು. ಭೀಮೆ ಪಂಢರಪುರದಲ್ಲಿ ಚಂದ್ರಭಾಗೆಯಾಗಿ ಬಾಗಿ, ನಮ್ಮ ದಂಡೆ ಮುಟ್ಟಿ, ಕಲಬುರಗಿ, ಯಾದಗಿರಿ ಹಾಯ್ದು ರಾಯಚೂರಿನ ಹತ್ತಿರ ಕೃಷ್ಣೆಗೆ ಕೂಡುತ್ತಾಳೆ, 861 ಕಿಲೋಮೀಟರ್ ನಡೆದು. ಟಾಟಾ ಕಂಪನಿ ನೂರು ವರ್ಷದ ಹಿಂದೆ ಮಾಡಿದ್ದೇನೆಂದರೆ, ಘಟ್ಟದ ಅಂಚಿನಲ್ಲೇ ಈ ನೀರನ್ನು ಕಟ್ಟಿ, ಹೋಗಬೇಕಾದ ಪೂರ್ವಕ್ಕೆ ಬಿಡದೆ, ಕೊಳವೆಗಳಲ್ಲಿ ಪಶ್ಚಿಮದ ಕೊಂಕಣದ ತಳಕ್ಕೆ ಬೀಳಿಸಿದ್ದು. 1915ರಲ್ಲಿ ಖೋಪೋಲಿ, ಆಮೇಲೆ ಭಿವಪುರಿ, 1927ರಲ್ಲಿ ಭಿರಾ. ಮೊದಲು ಮುಂಬಯಿಯ ಬಟ್ಟೆ ಗಿರಣಿಗಳಿಗೆ, ಬರಬರುತ್ತ ಮನೆಗಳಿಗೆ. ಕೃಷ್ಣಾ ನೀರಿನ ಜಗಳ ಬಚಾವತ್ ನ್ಯಾಯಮಂಡಳಿಗೆ ಹೋದಾಗ ಈ ಪಶ್ಚಿಮದ ತಿರುವೂ ವಿಚಾರಣೆಗೆ ಬಂತು. ಮಂಡಳಿ ಅದನ್ನು ನಿಲ್ಲಿಸಲಿಲ್ಲ, ಮಿತಿ ಹಾಕಿ ಮುಂದುವರಿಸಿತು. ಇಷ್ಟೆಲ್ಲ ಸರಕಾರಿ ಕಾಗದದಲ್ಲಿದೆ. ಶಾಲೆಯ ನಕಾಶೆಯಲ್ಲಿ ಇಲ್ಲ. ಮಗಳ ಪುಸ್ತಕದಲ್ಲೂ ಇಲ್ಲ, ಅಪ್ಪನ ಗೋಡೆಯ ಮೇಲೂ ಇರಲಿಲ್ಲ.

ನನಗೆ ಗೊತ್ತಿತ್ತು. ಇಲ್ಲಿಯೇ ನನ್ನ ತಪ್ಪೊಪ್ಪಿಗೆ ಇರುವುದು. ನಾನು ಎಲೆಕ್ಟ್ರಿಕಲ್ ಓದಿ 2009ರಲ್ಲಿ ಮುಂಬಯಿಗೆ ಬಂದವನು. ನನ್ನ ಕೆಲಸ ನಾಳೆ ಈ ಊರಿಗೆ ಯಾವ ಹೊತ್ತಿಗೆ ಎಷ್ಟು ಕರೆಂಟು ಬೇಕೆಂದು ಅಂದಾಜು ಕಟ್ಟುವುದು. ಕಲ್ಲಿದ್ದಲಿನ ಘಟಕವನ್ನು ಬೇಕೆಂದಾಗ ಒಮ್ಮೆಲೇ ಏರಿಸಲು ಆಗುವುದಿಲ್ಲ. ನೀರಿನದು ಕೆಲವೇ ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ಆದ್ದರಿಂದ ಸಂಜೆ ಎಲ್ಲರೂ ದೀಪ ಹಾಕುವ ಹೊತ್ತಿಗೆ ಘಟ್ಟದ ನೀರಿಗೆ ಬೆಲೆ ಹೆಚ್ಚು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಒಬ್ಬ ಹಿರಿಯರು ಗೋಡೆಯ ನಕ್ಷೆ ತೋರಿಸಿ ಇದನ್ನು ವಿವರಿಸಿದ್ದರು. ಇಂದ್ರಾಯಣಿ, ಮುಳಾ ಎಂಬ ಹೆಸರು ಕೇಳಿದ ಕೂಡಲೇ ನನಗೆ ಹೊಳೆದಿತ್ತು, ಇದು ನಮ್ಮೂರಿನ ನೀರು ಎಂದು. ಅಂದು ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ಅವರು ನದಿಯಲ್ಲಿ ಒರತೆ ತೋಡಿದ ಸುದ್ದಿ ಹೇಳುತ್ತಿದ್ದರು. ನಾನು ಹೂಂ ಹೂಂ ಎಂದೆ. ಆಮೇಲೆ ಹದಿನೈದು ವರ್ಷ ಹೂಂ ಎನ್ನುತ್ತಲೇ ಬಂದೆ. ಹೇಳಿದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಹೇಳದಿರಲು ಇದ್ದ ಕಾರಣವೂ ಅದೇ.

ಮಗಳ ಪೆನ್ಸಿಲು ನಿಂತ ಆ ಸಂಜೆ ಹೇಳಿಬಿಟ್ಟೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ತೋರಸ್ತೀಯೇನು?" ಎಂದರು.

ಭಾನುವಾರ ಮೂವರೂ ದಾದರಿನಲ್ಲಿ ಖೋಪೋಲಿ ಲೋಕಲ್ ಹತ್ತಿದೆವು. ಕರ್ಜತ್ ದಾಟಿದ ಮೇಲೆ ಗಾಡಿ ಖಾಲಿ. ಖೋಪೋಲಿಯಲ್ಲಿ ಇಳಿದು ಪೂರ್ವಕ್ಕೆ ತಲೆ ಎತ್ತಿದರೆ ಘಟ್ಟದ ಗೋಡೆ. ಅದರ ಮೈಮೇಲೆ ಕೊಳವೆಗಳು ಇಳಿಯುತ್ತವೆ, ಸುಮಾರು 500 ಮೀಟರ್ ಎತ್ತರದಿಂದ. ನೋಡಲು ಅಂಥಾ ವಿಶೇಷವೇನಿಲ್ಲ. ನೀರು ಕಾಣುವುದಿಲ್ಲ, ಸದ್ದೂ ಕೇಳುವುದಿಲ್ಲ. ಅಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತರು. ಅವರು ಸಿಟ್ಟಿಗೇಳಬಹುದು, ಇಲ್ಲವೆ ನನ್ನನ್ನು ಬೈಯಬಹುದು ಎಂದುಕೊಂಡಿದ್ದೆ.

"ಮೂವತ್ನಾಕು ವರ್ಷ ಪೂರ್ವಕ್ಕ ಹರೀತದ, ಪೂರ್ವಕ್ಕ ಹರೀತದ ಅಂತ ಹೇಳೀನಿ," ಎಂದರು. "ಪರೀಕ್ಷಾದಾಗ ಪಶ್ಚಿಮ ಅಂತ ಬರದಾವ್ರಿಗಿ ಮಾರ್ಕ್ಸ್ ಕಡದೀನಿ."

ವಾಪಸು ಬರುವಾಗ ಕಿಟಕಿಯ ಪಕ್ಕ ಕೂತು ಅವರು ಹೇಳಿದ್ದು ಬೇರೆಯೇ ಕಥೆ. ಅಪ್ಪನ ಅಕ್ಕನನ್ನು ಬಾಗಲಕೋಟೆಯ ಹತ್ತಿರ ಕೃಷ್ಣಾ ತೀರದ ಹಳ್ಳಿಗೆ ಕೊಟ್ಟಿತ್ತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಗೆ ಅಡಿಗಲ್ಲು ಹಾಕಿದರು. ಹಿನ್ನೀರು ಏರಿ ಹಳೇ ಬಾಗಲಕೋಟೆಯ ಒಂದು ಭಾಗವನ್ನೂ ಸುತ್ತಲಿನ ಹಳ್ಳಿಗಳನ್ನೂ ನುಂಗಿದ್ದು ಬಹಳ ವರ್ಷದ ಮೇಲೆ. ಸೋದರತ್ತೆಯ ಮನೆ, ಮನೆಯ ಹಿಂದಿನ ಬಾಳೆತೋಟ, ಮಾವನ ಗದ್ದುಗೆ ಎಲ್ಲ ಹೋದವು. ಪರಿಹಾರದ ದುಡ್ಡು ಮಕ್ಕಳ ಜಗಳದಲ್ಲಿ ಕರಗಿತು. ಅದೇ ವರ್ಷಗಳಲ್ಲಿ ಅಪ್ಪ ತರಗತಿಯಲ್ಲಿ ಆಲಮಟ್ಟಿ ನಮ್ಮ ಜಿಲ್ಲೆಯ ಹೆಮ್ಮೆ ಎಂದು ಕಲಿಸುತ್ತಿದ್ದರು. ಪುಸ್ತಕದಲ್ಲಿ ಹಾಗೇ ಇತ್ತು, ಮತ್ತು ಆಲಮಟ್ಟಿ ಹೆಮ್ಮೆಯದೇ ಹೌದು, ಬರದ ನಾಡಿಗೆ ನೀರು ಕೊಟ್ಟಿದೆ. "ಅಕ್ಕ ಒಮ್ಮಿ ಸಾಲಿಗಿ ಬಂದಿದ್ಳು, ಬುತ್ತಿ ಕೊಡಾಕ. ನಾ ಅದೇ ಪಾಠ ಮಾಡ್ಲಿಕತ್ತಿದ್ದೆ. ಬಾಗಿಲದಾಗ ನಿಂತು ಕೇಳಿದ್ಳು. ಏನೂ ಅನ್ನಲಿಲ್ಲ." ಸ್ವಲ್ಪ ತಡೆದು, "ನೀನೂ ನನಗ ಹೇಳಲಿಲ್ಲ. ನಾನೂ ಹುಡುಗರಿಗಿ ಹೇಳಲಿಲ್ಲ. ಲೆಕ್ಕ ಸಮ ಆತು ಬಿಡು" ಎಂದರು. ಲೆಕ್ಕ ಸಮವಾಗಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು.

ಈ ಸಂಗತಿಯನ್ನು ಮಾಟುಂಗದಲ್ಲಿ ಒಬ್ಬ ಗೆಳೆಯನ ಮುಂದೆ ಹೇಳಿದೆ. ಆತ ಉಡುಪಿಯ ಕಡೆಯವನು, ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. "ಮಾರಾಯಾ, ಒಂಬತ್ತು ವರ್ಷದ ಮಗುವಿಗೆ ಇದನ್ನೆಲ್ಲ ಹೇಳಿ ಏನು ಮಾಡ್ತೀ? ನೀನು ಫ್ಯಾನ್ ಆರಿಸಿದರೆ ಭೀಮೆಗೆ ಒಂದು ಹನಿ ನೀರು ಹೋಗ್ತದಾ?" ಎಂದ. ಹೋಗುವುದಿಲ್ಲ. ನನ್ನ ಕೆಲಸವೇ ಅದಾದ್ದರಿಂದ ಅವನಿಗಿಂತ ಚೆನ್ನಾಗಿ ನನಗೆ ಗೊತ್ತು. ಈ ಮೂರು ಕೇಂದ್ರಗಳದು ಒಟ್ಟು 447 ಮೆಗಾವಾಟ್. ಇವತ್ತಿನ ಮುಂಬಯಿಗೆ ಅದು ಊಟದೆಲೆಯ ಉಪ್ಪಿನಕಾಯಿಯಷ್ಟು. ಭೀಮೆ ಬತ್ತುವುದಕ್ಕೆ ಉಜನಿಯ ಕೆಳಗಿನ ಕಬ್ಬು ಇದೆ, ನಮ್ಮ ದಂಡೆಯ ಕಬ್ಬೂ ಇದೆ. ನಮ್ಮ ಚಿಕ್ಕಪ್ಪನೇ ನಾಲ್ಕು ಎಕರೆ ಹಚ್ಚಿದ್ದಾನೆ. ಖೋಪೋಲಿಯಲ್ಲಿ ಕೆಲಸ ಮುಗಿಸಿದ ನೀರು ಪಾತಾಳಗಂಗೆಗೆ ಹೋಗುತ್ತದೆ, ಭಿವಪುರಿಯದು ಉಲ್ಹಾಸಕ್ಕೆ. ನೂರು ವರ್ಷದಲ್ಲಿ ಆ ನೀರನ್ನೇ ನಂಬಿ ಕೆಳಗೆ ಊರುಗಳು ಬೆಳೆದಿವೆ. ನಾಳೆ ಎಲ್ಲ ನೀರನ್ನು ಪೂರ್ವಕ್ಕೆ ತಿರುಗಿಸಿದರೆ ಅವರು ಕುಡಿಯುವುದೇನು? ಹಾಗೆ ತಿರುಗಿಸಿ ಎಂದು ಕೇಳುವವರಲ್ಲಿ ಪುಣೆ, ಸೊಲ್ಲಾಪುರದ ಮರಾಠಿ ರೈತರೂ ಇದ್ದಾರೆ. ಇದನ್ನು ಕನ್ನಡ-ಮರಾಠಿ ಜಗಳ ಮಾಡಹೊರಟವರಿಗೆ ಇಲ್ಲಿ ಏನೂ ಗಿಟ್ಟುವುದಿಲ್ಲ.

ಗೆಳೆಯನ ಮಾತಿನಲ್ಲಿ ಒಂದು ಸತ್ಯವಿದೆ, ನಾನು ಒಪ್ಪುತ್ತೇನೆ. ಮಗುವಿನ ತಲೆಯ ಮೇಲೆ ತಪ್ಪಿನ ಭಾರ ಹೊರಿಸುವುದು ಪಾಠವಲ್ಲ. ಆದರೆ ಅವನು ಕೇಳದ ಪ್ರಶ್ನೆ ಒಂದಿದೆ. ಹೆಮ್ಮೆಯ ಭಾರವನ್ನು ಹೊರಿಸುವಾಗ ನಾವು ಯಾರೂ ವಯಸ್ಸು ನೋಡುವುದಿಲ್ಲವಲ್ಲ? ಸಹ್ಯಾದ್ರಿ ನಮ್ಮದು, ಕಾವೇರಿ ನಮ್ಮದು, ಜೋಗ ನಮ್ಮದು ಎಂದು ಅಂಗನವಾಡಿಯಿಂದಲೇ ಹಾಡಿಸುತ್ತೇವೆ. ಜೋಗದ ಶರಾವತಿಗೆ ಲಿಂಗನಮಕ್ಕಿ ಕಟ್ಟಿದಾಗ ಎದ್ದು ಹೋದವರ ಪಾಡು ನನಗೆ ಮೊದಲು ತಿಳಿದದ್ದು ಶಾಲೆಯಲ್ಲಲ್ಲ, ನಾ. ಡಿಸೋಜರ ಕಾದಂಬರಿಗಳಲ್ಲಿ. ಭೂಗೋಲದ ಮಾಸ್ತರು ಬಿಟ್ಟದ್ದನ್ನು ಕಥೆಗಾರರು ತುಂಬಬೇಕಾಯಿತು. 'ಕವಿರಾಜಮಾರ್ಗ' ಕಾವೇರಿ-ಗೋದಾವರಿಗಳ ನಡುವಿನ ನಾಡನ್ನು ಕನ್ನಡನಾಡು ಎಂದಿತು, ಸಾವಿರದ ನೂರು ವರ್ಷಗಳ ಹಿಂದೆ. ನಮ್ಮ ಸಂಘದ ಸಭೆಗಳಲ್ಲಿ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ಆ ಲೆಕ್ಕದಲ್ಲಿ ದಾದರೂ ನಮ್ಮದೇ ಎಂದು ಒಬ್ಬರು ನಗಿಸಿದ್ದೂ ಉಂಟು. ಆಗಲಿ, ನಮ್ಮದೇ ಇರಲಿ. ನಮ್ಮದಾದರೆ ಮುಳಶಿಯ ಮುಳುಗಡೆಯೂ ನಮ್ಮದೇ ಆಗಬೇಕಲ್ಲ. ಅದಕ್ಕೆ ಚಪ್ಪಾಳೆ ಇಲ್ಲ.

ಅಪ್ಪ ಇದನ್ನು ಒಂದೇ ಮಾತಿನಲ್ಲಿ ಹೇಳಿದರು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ವಿಜಯಪುರ, ಕಲಬುರಗಿಯ ದಂಡೆಯ ಊರುಗಳಿಗೆ ನುಗ್ಗಿದಾಗ ನಮ್ಮ ಮನೆಯ ಕಟ್ಟೆಯೂ ಮುಳುಗಿತ್ತು. "ಬರಗಾಲದಾಗ ನದಿ ನಮ್ದು ಅಂತೀವಿ. ಮಹಾಪೂರ ಬಂದ್ರ, ಅವರು ನೀರು ಬಿಟ್ರು ಅಂತೀವಿ. ನಡಬರಕ ಅದು ಯಾರದೂ ಅಲ್ಲ."

ದಾದರಿಗೂ ಇದು ಹೊಸದಲ್ಲ. ಮೀಠಿ ಎಂಬ ನದಿ ಈ ಊರಲ್ಲಿದೆ, ಮಾಹೀಮಿನ ಖಾಡಿಗೆ ಸೇರುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಾದದ್ದು 2005ರ ಜುಲೈ 26ರಂದು, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ಮೇಲೆ. ಅಲ್ಲಿಯವರೆಗೆ ಅದು ನಾಲೆಯಾಗಿತ್ತು. ಹಿಂದಮಾತಾದ ಬಳಿ ಪ್ರತಿ ಮಳೆಗಾಲ ಮೊಣಕಾಲುದ್ದ ನೀರು ನಿಲ್ಲುವುದನ್ನು ಬೈಯುವ ನಾವು, ಅದು ತಗ್ಗು ಜಾಗ, ನೀರಿಗೆ ಮೊದಲಿನಿಂದಲೂ ಅಲ್ಲಿ ನಿಲ್ಲುವ ರೂಢಿ ಇತ್ತು ಎಂದು ಯೋಚಿಸುವುದಿಲ್ಲ.

ಮರುವಾರ ಮಗಳು ನಕಾಶೆಯನ್ನು ಇನ್ನೊಮ್ಮೆ ಬಿಡಿಸಿದಳು. ಅಜ್ಜ ಪಕ್ಕದಲ್ಲಿ ಕೂತಿದ್ದರು. ಈ ಸಲ ಭೀಮೆ ಗಡಿಯಲ್ಲಿ ನಿಲ್ಲಲಿಲ್ಲ. ಕಾಗದ ಸಾಲದೆ ಇನ್ನೊಂದು ಹಾಳೆ ಅಂಟಿಸಿ ರಾಯಚೂರಿನ ತನಕ ಎಳೆದರು. ಘಟ್ಟದ ಅಂಚಿನಲ್ಲಿ ಮೂರು ಕಡೆ ಪಶ್ಚಿಮಕ್ಕೆ ಸಣ್ಣ ಗೆರೆ. ಅವಕ್ಕೆ ಯಾವ ಬಣ್ಣ ಕೊಡಬೇಕೆಂದು ಇಬ್ಬರಲ್ಲಿ ಚರ್ಚೆ ನಡೆಯಿತು. ಅಜ್ಜ ನೀಲಿ ಎಂದರು, ಮೊಮ್ಮಗಳು ಹಳದಿ ಎಂದಳು, ಅದು ಲೈಟ್ ಆಗ್ತದಲ್ಲ ಅಂತ. ಹಳದಿಯೇ ಗೆದ್ದಿತು. ಶಾಲೆಯಿಂದ ನಕಾಶೆ ವಾಪಸು ಬಂದಾಗ ಅಂಟಿಸಿದ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು, ಹಳದಿ ಗೆರೆಗಳ ಪಕ್ಕ ಮತ್ತೊಂದು. ಹತ್ತಕ್ಕೆ ಏಳು. ಅಪ್ಪ ಕನ್ನಡಕ ಏರಿಸಿ ನೋಡಿ, "ಪ್ರಶ್ನಾ ಕೇಳ್ಯಾರಲ್ಲ, ಛೊಲೋ ಆತು. ನಾ ಆಗಿದ್ರ ಕಾಟು ಹಾಕ್ತಿದ್ದೆ," ಎಂದರು.

ಈಗ ಅವರು ಊರಿನಲ್ಲಿದ್ದಾರೆ. ಮೊದಲು ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದವರು ಈಚೆಗೆ ಸಂಜೆ ಏಳಕ್ಕೇ ಮಾಡುತ್ತಾರೆ. ಮಳೆ, ಎತ್ತು, ಯಾರ ಮದುವೆ ಎಂದು ಮಾತು ಸುತ್ತಿ ಬರುತ್ತದೆ. ಇಡುವ ಮೊದಲು ಒಂದು ಪ್ರಶ್ನೆ ತಪ್ಪುವುದಿಲ್ಲ.

"ಲೈಟ್ ಹಚ್ಚೀರೇನು?"

"ಹೂಂ ಅಪ್ಪಾ, ಹಚ್ಚೇವಿ."